ಗ್ರಿಪ್ ಸಡಿಲಿಸಿ, ಮೊಣಕೈ ಉಳಿಸಿ

ಬ್ಯಾಡ್ಮಿಂಟನ್, ಟೆನಿಸ್, ಸ್ಕ್ವಾಷ್ ಯಾವುದೇ ಇರಲಿ, ಬ್ಯಾಗ್ ಇಳಿಸಿದ ಕೂಡಲೇ ಸ್ಮ್ಯಾಶ್ ಹೊಡೆಯಬೇಡಿ. ಹತ್ತು ನಿಮಿಷ ನಿಧಾನವಾಗಿ ಓಡಿ, ಭುಜ ತಿರುಗಿಸಿ, ಅಡ್ಡ ಹೆಜ್ಜೆ ಹಾಕಿ, ಆಮೇಲೆ ಅರ್ಧ ಬಲದಲ್ಲಿ ರ‍್ಯಾಲಿ ಆಡಿ. ನಿಂತಲ್ಲೇ ಸ್ನಾಯು ಎಳೆದು ಹಿಡಿಯುವ ವ್ಯಾಯಾಮ ಆಟ ಮುಗಿದ ಮೇಲಿರಲಿ.

ಜಾಗಿಂಗ್ ಶೂ ಬೇಡವೇ ಬೇಡ. ಅದರ ದಪ್ಪ, ಎತ್ತರದ ಹಿಮ್ಮಡಿ ನೇರ ಓಟಕ್ಕೆ ಮಾಡಿದ್ದು. ಪಕ್ಕಕ್ಕೆ ಜಿಗಿದಾಗ ಪಾದ ಹೊರಳಿ ಉಳುಕುತ್ತದೆ.

ಹೆಚ್ಚಿನವರು ಎಡವುವುದು ಗ್ರಿಪ್‌ನಲ್ಲಿ. ಸುತ್ತಿಗೆ ಹಿಡಿದವರಂತೆ ಆಟದುದ್ದಕ್ಕೂ ಮುಷ್ಟಿ ಬಿಗಿದಿರುತ್ತಾರೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳ ಬುಡ ಇರುವುದು ಮೊಣಕೈಯ ಹೊರಬದಿಯ ಮೂಳೆಯಲ್ಲಿ. ಬಿಗಿತದ ಹೊರೆಯೆಲ್ಲ ಅಲ್ಲಿಗೇ ಬಿದ್ದು ಟೆನಿಸ್ ಎಲ್ಬೋ ಎಂಬ ಮೊಣಕೈ ನೋವು ಶುರುವಾಗುತ್ತದೆ. ಹಿಡಿಕೆ ಬೆರಳುಗಳಲ್ಲಿ ಕೂರಬೇಕು, ಅಂಗೈಯಲ್ಲಲ್ಲ. ಹೊಡೆತ ತಾಗುವ ಕ್ಷಣಕ್ಕೆ ಬಿಗಿ, ಮರುಕ್ಷಣವೇ ಸಡಿಲ. ಎರಡು ಹೊಡೆತಗಳ ನಡುವೆ ಯಾರಾದರೂ ರ‍್ಯಾಕೆಟ್ ಎಳೆದರೆ ಸುಲಭವಾಗಿ ಕೈಬಿಟ್ಟು ಹೋಗಬೇಕು. ಹೋಗದಿದ್ದರೆ ನೀವಿನ್ನೂ ಬಿಗಿಯಾಗಿಯೇ ಹಿಡಿದಿದ್ದೀರಿ. ಟೆನಿಸ್ ರ‍್ಯಾಕೆಟ್ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗ ಇರಬೇಕು. ಹಿಡಿಕೆ ಸಣ್ಣದಾದರೆ ತಾನಾಗಿಯೇ ಅದುಮುತ್ತೀರಿ. ಬೆವರು ಕುಡಿದು ನುಣುಪಾದ ಓವರ್‌ಗ್ರಿಪ್ (ಹಿಡಿಕೆಯ ಮೇಲೆ ಸುತ್ತುವ ಪಟ್ಟಿ) ಮಾಡಿಸುವುದೂ ಅದನ್ನೇ. ಅದರ ಮೇಲೇ ಇನ್ನೊಂದು ಸುತ್ತುವುದು ಸೋಮಾರಿಗಳ ದಾರಿ, ಹಳೆಯದನ್ನು ಬಿಚ್ಚಿ ಎಸೆಯಿರಿ. ಬ್ಯಾಡ್ಮಿಂಟನ್ ಆಡುವ ಹೊಸಬರಿಗೆ 20ರಿಂದ 24 ಪೌಂಡ್ ಗಟ್ಟಿಂಗ್ (ತಂತಿಗಳ ಬಿಗಿತ) ಸಾಕು. ದೊಡ್ಡ ಆಟಗಾರರನ್ನು ನೋಡಿ 30 ಹಾಕಿಸಿಕೊಂಡರೆ, ಶಟಲ್ ನಡುವೆ ತಾಗದ ಪ್ರತಿ ಹೊಡೆತವೂ ತೋಳನ್ನು ಜಗ್ಗುತ್ತದೆ.

ನೆಟ್ ಬಳಿಗೆ ಚಾಚುವಾಗ ಹಿಮ್ಮಡಿ ಮೊದಲು ಊರಿ. ಮಂಡಿ, ಕಾಲ್ಬೆರಳು ಒಂದೇ ದಿಕ್ಕು ನೋಡಲಿ.

ಡಬಲ್ಸ್‌ನಲ್ಲಿ ಮುಂದೆ ನಿಂತವರು ಜೊತೆಗಾರರ ಹೊಡೆತ ನೋಡಲು ಹಿಂದೆ ತಿರುಗಬಾರದು, ಶಟಲ್ ಕಣ್ಣಿಗೇ ಬಡಿಯುತ್ತದೆ. ಸ್ಕ್ವಾಷ್ ಚೆಂಡಿನ ಅಗಲ ಸುಮಾರು 40 ಮಿ.ಮೀ., ಕಣ್ಣಿನ ಗುಳಿಗೆ ಸರಿಯಾಗಿ ಹೊಕ್ಕುವಷ್ಟು. ಪಾಲಿಕಾರ್ಬೊನೇಟ್ ಗಾಗಲ್ ಹಾಕಿ. ಮಾಮೂಲಿ ಕನ್ನಡಕ ಒಡೆದು ಚುಚ್ಚೀತು. ಲೆನ್ಸ್ ಇಲ್ಲದ ಬರೀ ಚೌಕಟ್ಟಿನ ಗಾರ್ಡ್‌ಗಳಂತೂ ದಂಡ.

ನೋವಿಗೆ ಸ್ಪ್ರೇ ಹೊಡೆದು ಆಟ ಮುಂದುವರಿಸಬೇಡಿ. ಅದು ನೋವನ್ನು ಮರೆಸುತ್ತದೆ, ಗಾಯವನ್ನಲ್ಲ. ಪಾದ ಉಳುಕಿದರೆ ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌-ರೇ ಬೇಕು. ಹಿಮ್ಮಡಿಯ ಮೇಲ್ಭಾಗಕ್ಕೆ ಹಿಂದಿನಿಂದ ಯಾರೋ ಒದ್ದಂತಾಗಿ 'ಟಪ್' ಎಂದು ಕೇಳಿಸಿದರೆ ಅಕಿಲಿಸ್ ಸ್ನಾಯುರಜ್ಜು ಹರಿದಿರಬಹುದು. ನಡೆಯಲು ಬಂದರೂ ಅಂದೇ ಆಸ್ಪತ್ರೆಗೆ ಹೋಗಿ.