ಹೊಳೆಯಿಂದ ಕಣ್ಣು ಕೀಳದೆ: ಎಳ್ಳಮಾವಾಸ್ಯೆಯ ಕಾವಲು

ತೀರ್ಥಹಳ್ಳಿಯ ರಾಮೇಶ್ವರ ದೇವಾಲಯದ ಎಳ್ಳಮಾವಾಸ್ಯೆ ಜಾತ್ರೆಗೆ ಬಂದು ತುಂಗೆಯಲ್ಲಿ ಮೀಯುವವರನ್ನು ದಡದ ಬಂಡೆಯ ಮೇಲಿಂದ ಕಾಯುವ ಸ್ವಯಂಸೇವಕರ ಜೊತೆ ನಾನು ಕೆಲವು ವರ್ಷಗಳಿಂದ ನಿಲ್ಲುತ್ತಿದ್ದೇನೆ. ಮಳೆಗಾಲದ ಕೆಂಪು ನೀರಿಗೆ ಹೆದರುವ ಜನ ಚಳಿಗಾಲದ ತಿಳಿನೀರನ್ನು ನಂಬಿಬಿಡುತ್ತಾರೆ. ಆದರೆ ಹಾಸುಬಂಡೆಗಳ ನಡುವೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದದ ಗುಂಡಿಯಾಗುವುದುಂಟು. ಹಾಗಾಗಿ ಹಿಂದಿನ ದಿನವೇ ಬಿದಿರುಗಳುವಿನಿಂದ ಆಳ ನೋಡಿ, ಹಾವಸೆ ಕಟ್ಟಿದ ಕಡೆಗಳನ್ನು ಗುರುತಿಸಿಟ್ಟುಕೊಳ್ಳುತ್ತೇವೆ.

ಮುಳುಗುವವರು ಕೂಗಿಕೊಂಡು ಕೈ ಬೀಸುತ್ತಾರೆಂದೇ ನಾನು ಮೊದಲ ವರ್ಷ ತಿಳಿದಿದ್ದೆ. ಅಂದು ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ನೀರಿನಲ್ಲಿ ನೆಟ್ಟಗೆ ನಿಂತಂತಿದ್ದ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕಿತ್ತು, ಕೈಗಳು ಪಕ್ಕದಲ್ಲಿ ನೀರನ್ನು ಒತ್ತುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಉಸಿರೆಳೆಯಲೇ ಆಗದವನು ಕೂಗುವುದೆಲ್ಲಿಂದ? ನನಗೆ ಅದು ಹೊಳೆದ ಕೂಡಲೇ ಜೊತೆಯವರನ್ನು ಕರೆಯಲು ಹಿಂದಕ್ಕೆ ತಿರುಗಿದೆ. ಮತ್ತೆ ನೋಡಿದಾಗ ಅಷ್ಟು ತಲೆಗಳ ನಡುವೆ ಅವನು ಕಾಣಲಿಲ್ಲ. ಪಕ್ಕದಲ್ಲೇ ಮೀಯುತ್ತಿದ್ದ ಹೆಂಗಸೊಬ್ಬರು ಅವನ ರಟ್ಟೆ ಹಿಡಿದು ಎಳೆದುದರಿಂದ ಅವನು ಉಳಿದ.

ಹೊನ್ನಾವರದಲ್ಲಿ ಮೀನುಗಾರಿಕೆ ಮಾಡುವ ನನ್ನ ಸ್ನೇಹಿತರು ಇದನ್ನು ಕೇಳಿ, ದೋಣಿಯಿಂದ ಯಾರಾದರೂ ಬಿದ್ದರೆ ಒಬ್ಬನು ಬೇರೇನನ್ನೂ ಮಾಡದೆ ಅವರತ್ತ ಕೈ ಚಾಚಿ ತೋರಿಸುತ್ತಲೇ ಇರಬೇಕೆಂದು ಹೇಳಿದರು. ಅಲೆಗಳ ನಡುವೆ ತಲೆಯೊಂದು ಮರೆಯಾಗಲು ಕ್ಷಣ ಸಾಕು. ಈಗ ನಾವೂ ಹಾಗೆಯೇ ಮಾಡುತ್ತೇವೆ. ಕಂಡವನು ಚಾಚಿದ ಕೈ ಇಳಿಸುವುದಿಲ್ಲ, ಎರಡನೆಯವನು ಸೀಟಿ ಊದಿ 112ಕ್ಕೆ ಕರೆ ಮಾಡುತ್ತಾನೆ (ಕಡಲಾದರೆ ಕರಾವಳಿ ಕಾವಲು ಪಡೆಯ 1554), ಮೂರನೆಯವನು ಐದು ಲೀಟರಿನ ಖಾಲಿ ಕ್ಯಾನು ಕಟ್ಟಿದ ಹಗ್ಗ ಎಸೆಯುತ್ತಾನೆ. ಕ್ಯಾನು ಗಾಳಿಗೆ ಹಾರದಿರಲೆಂದು ಅದರಲ್ಲಿ ಸ್ವಲ್ಪ ನೀರು ಬಿಟ್ಟಿರುತ್ತೇವೆ. ಎಷ್ಟೇ ಚೆನ್ನಾಗಿ ಈಜು ಬಂದರೂ ಯಾರೂ ಒಬ್ಬರೇ ಧುಮುಕಕೂಡದು, ಏಕೆಂದರೆ ಮುಳುಗುವವನು ತನ್ನನ್ನು ಹಿಡಿಯಲು ಬಂದವನನ್ನೇ ಅಪ್ಪಿ ಒಳಗೆಳೆಯುತ್ತಾನೆ. ಬಿಸಿಲು ಬೆನ್ನಿಗಿರುವಂತೆ ನಿಲ್ಲುತ್ತೇವೆ. ಕಣ್ಣು ಸೋಲುವುದರಿಂದ ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸುತ್ತೇವೆ.

ಹಿರಿಯರೊಡನೆ ವಾದ ಮಾಡಬೇಕಾಗಿ ಬಂದದ್ದು ಒಂದೇ ವಿಷಯಕ್ಕೆ. ನೀರು ಕುಡಿದವರನ್ನು ಹೆಗಲ ಮೇಲೆ ಹಾಕಿ ತಿರುಗಿಸುವುದು, ಹೊಟ್ಟೆ ಒತ್ತುವುದು ನಮ್ಮ ಕಡೆಯ ಹಳೆಯ ರೂಢಿ. ಅದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಅಮೂಲ್ಯ ನಿಮಿಷಗಳೂ ಹಾಳಾಗುತ್ತವೆ. ಉಸಿರಿಲ್ಲದವರನ್ನು ಅಂಗಾತ ಮಲಗಿಸಿ, ಮೊದಲು ಐದು ಬಾರಿ ಬಾಯಿಯಿಂದ ಉಸಿರು ಕೊಟ್ಟು, ಬಳಿಕ 30 ಬಾರಿ ಎದೆ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ದಿಂಬಿನ ಮೇಲೆ ತೋರಿಸಿಕೊಟ್ಟ ಮೇಲೆ ಅವರೂ ಕಲಿಯಲು ಕುಳಿತರು.