ಶಾರ್ಜಾ ಪಾರ್ಕಿಂಗ್ ಬೆಕ್ಕುಗಳ ಆಪರೇಷನ್ ಮಾಡಿಸ್ತಾ ಕಲ್ತಿದ್ದು

ಜೂನ್ ಕೊನೆ, ಜುಲೈ ಶುರು ಅಂದ್ರೆ ಇಲ್ಲಿ ಯುಎಇಲಿ ಸ್ಕೂಲಿಗೆ ರಜೆ, ಫ್ಯಾಮಿಲಿಗಳೆಲ್ಲ ಊರಿಗೆ ಹೊರಡೋ ಟೈಮು, ಕೆಲವರು ವೀಸಾ ಕ್ಯಾನ್ಸಲ್ ಮಾಡ್ಕೊಂಡು ಪೂರ್ತಿ ಹೋಗೋರು. ನಾನಿರೋ ಅಲ್ ನಹ್ದಾ ಕಡೆ ಆಗಲೇ ಪಾರ್ಕಿಂಗಲ್ಲಿ ಹೊಸ ಬೆಕ್ಕುಗಳು ಕಾಣಿಸ್ಕೊಳ್ಳೋದು. ಬೀದೀಲೇ ಹುಟ್ಟಿದ್ದು ಯಾವುದು, ಮನೆಯಿಂದ ಬಿಟ್ಟಿದ್ದು ಯಾವುದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಬೀದಿ ಬೆಕ್ಕು ಮನುಷ್ಯರ ಸಪ್ಪಳ ಕೇಳಿದ್ರೆ ಕಾರಿನ ಅಡಿಗೆ ನುಗ್ಗುತ್ತೆ, ಮನೆ ಬೆಕ್ಕು ಲಿಫ್ಟ್ ಬಾಗಿಲ ಹತ್ರ ಕೂತು ಒಳಗಿಂದ ಬರೋ ಒಬ್ಬೊಬ್ಬರ ಮುಖಾನೂ ನೋಡುತ್ತೆ. ಅದಕ್ಕೆ ಕಸದ ಡಬ್ಬ ಹತ್ತೋಕೆ ಬರಲ್ಲ, ಬೇರೆ ಬೆಕ್ಕು ಬಂದ್ರೆ ಎದುರಿಸೋಕೆ ಬರಲ್ಲ, 45 ಡಿಗ್ರಿ ಬಿಸಿಲಲ್ಲಿ ನೀರೆಲ್ಲಿ ಸಿಗುತ್ತೆ ಅಂತಾನೂ ಗೊತ್ತಿರಲ್ಲ.

ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಬೆಕ್ಕು ಅಂದ್ರೆ ಅಡುಗೆಮನೆ ಹಿಂದೆ ಬಂದು ಮೀನಿನ ತಲೆ ತಿಂದ್ಕೊಂಡು ಹೋಗೋದು, ಯಾರದ್ದೂ ಅಲ್ಲ, ಎಲ್ಲರದ್ದೂ ಹೌದು. ಹಿತ್ತಲಿದೆ, ಗದ್ದೆಯಿದೆ, ಇಲಿ ಇದೆ, ಹೆಂಗೋ ನಡೆಯುತ್ತೆ. ನಮ್ಮವರು ಅದೇ ಲೆಕ್ಕ ಇಲ್ಲಿಗೂ ಹಾಕ್ತಾರೆ, "ಬೆಕ್ಕಲ್ವಾ ಅಕ್ಕಾ, ಎಲ್ಲಿ ಬಿಟ್ರೂ ಬದುಕ್ಕೊಳ್ಳುತ್ತೆ" ಅಂತ. ಹತ್ತನೇ ಫ್ಲೋರಲ್ಲಿ ಎಸಿ ರೂಮಲ್ಲಿ ಪ್ಯಾಕೆಟ್ ಊಟ ತಿಂದು ಬೆಳೆದ ಪರ್ಷಿಯನ್ ಬೆಕ್ಕು ಬದುಕ್ಕೊಳ್ಳಲ್ಲ. ಇದನ್ನ ಹೇಳಿ ಹೇಳಿ ನನಗೆ ಬೇಜಾರಾಗಿಲ್ಲ, ಇನ್ನೂ ಹೇಳ್ತೀನಿ. ಹಾಗಂತ ಬಿಟ್ಟು ಹೋಗೋರೆಲ್ಲ ಕಟುಕರು ಅಂತ ನಾನು ಅಂದ್ಕೊಂಡಿಲ್ಲ, 2020ರಲ್ಲಿ ಕೆಲಸ ಹೋಗಿ ಸಿಕ್ಕ ಫ್ಲೈಟ್ ಹತ್ತಿದವರನ್ನ ಕಣ್ಣಾರೆ ನೋಡಿದೀನಿ. ಆದ್ರೆ ಮಗುಗೆ ಆಟಕ್ಕೆ ಅಂತ ತಂದು, ಮನೆ ಖಾಲಿ ಮಾಡೋವಾಗ ಸೋಫಾಗೆ ಗಿರಾಕಿ ಹುಡುಕಿ ಬೆಕ್ಕಿಗೆ ಮಾತ್ರ ಒಂದು ಫೋನೂ ಮಾಡದೆ ಹೋಗೋರೂ ಇದಾರೆ, ಅದು ನನಗೆ ಇವತ್ತಿಗೂ ಸಹಿಸೋಕಾಗಲ್ಲ. ಇಲ್ಲಿ ಪ್ರಾಣಿಗಳಿಗೆ ಅಂತಾನೇ 2007ರ ಫೆಡರಲ್ ಕಾಯ್ದೆ ನಂಬರ್ 16 ಇದೆ, ಸಾಕಿದವರ ಜವಾಬ್ದಾರಿ ಏನು ಅಂತ ಅದ್ರಲ್ಲಿ ಬರ್ದಿದೆ. ಬಾಡಿಗೆ ಅಗ್ರಿಮೆಂಟ್ ಓದೋ ಜನ ಇದನ್ನ ಓದಲ್ಲ.

ಊಟ ಹಾಕೋದ್ರಿಂದಾನೇ ಎಲ್ಲರೂ ಶುರು ಮಾಡೋದು. ಆದ್ರೆ ಬರೀ ಊಟ ಹಾಕಿದ್ರೆ ಮರಿಗಳು ಜಾಸ್ತಿ ಆಗ್ತವೆ, ಅಷ್ಟೇ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಗಬ್ಬ ಆಗಬಹುದು, ಎರಡು ತಿಂಗಳಿಗೆ ಮರಿ, ಹಾಲು ಬಿಡೋ ಮುಂಚೆನೇ ಇನ್ನೊಂದು ಸಲ. ಮರಿ ಜಾಸ್ತಿ ಆದ್ರೆ ಬಿಲ್ಡಿಂಗಲ್ಲಿ ಕಂಪ್ಲೇಂಟ್, ಕಂಪ್ಲೇಂಟ್ ಆದ್ರೆ ಯಾರೋ ಬಂದು ಎತ್ಕೊಂಡು ಹೋಗ್ತಾರೆ, ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯಿಂದ ಬೇರೆ ಬೆಕ್ಕುಗಳು ಬರ್ತವೆ. ಅದಕ್ಕೇ ಟಿಎನ್‌ಆರ್, ಅಂದ್ರೆ ಹಿಡಿದು ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಹಿಡಿದ ಜಾಗಕ್ಕೇ ವಾಪಸ್ ಬಿಡೋದು. ದುಡ್ಡು ಕಮ್ಮಿ ಇದ್ರೆ ಊಟದ ಖರ್ಚು ಕಡಿಮೆ ಮಾಡಿ, ಒಂದು ಹೆಣ್ಣು ಬೆಕ್ಕಿನ ಆಪರೇಷನ್‌ಗೆ ಇಡಿ ಅಂತ ನಾನು ಎಲ್ಲರಿಗೂ ಹೇಳೋದು.

ಹಿಡಿಯೋದು ಹೇಗೆ ಅಂತ ಕೇಳ್ತಾರೆ. ಒಂದು ವಾರ ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಇಡ್ಬೇಕು, ಆಮೇಲೆ ಬೋನಿನ ಬಾಗಿಲು ತೆಗೆದು ಕಟ್ಟಿ ಅದ್ರೊಳಗೇ ಊಟ, ಬೆಕ್ಕು ಧೈರ್ಯವಾಗಿ ಒಳಗೆ ಹೋಗಿ ಬರೋಕೆ ಶುರು ಮಾಡಿದ ಮೇಲೆ ಒಂದು ದಿನ ಊಟ ನಿಲ್ಲಿಸಿ ರಾತ್ರಿ ಬೋನು ಸೆಟ್ ಮಾಡೋದು. ಒಳಗೆ ತುಳಿದ್ರೆ ಬಾಗಿಲು ಬೀಳೋ ತಗಡಿನ ಆಚೆ, ತೀರಾ ಹಿಂದೆ ಮೀನು ಇಡ್ಬೇಕು, ಮುಂದೆ ಇಟ್ರೆ ಕತ್ತು ಚಾಚಿ ತಿಂದು ಹೋಗುತ್ತೆ. ಟಿನ್ ಟ್ಯೂನಾ ನಡೆಯುತ್ತೆ, ಆದ್ರೆ ಹುರಿದ ಬೂತಾಯಿ ಮೀನಿನ ವಾಸನೆಗೆ ಬರ್ದೇ ಇರೋ ಬೆಕ್ಕನ್ನ ನಾನು ನೋಡಿಲ್ಲ, ಉಪ್ಪು ಖಾರ ಹಾಕಬಾರದು ಅಷ್ಟೇ. ತಳಕ್ಕೆ ನ್ಯೂಸ್‌ಪೇಪರ್ ಹಾಸ್ಬೇಕು, ಕಂಬಿ ಮೇಲೆ ಕಾಲಿಡೋಕೆ ಹೆದರ್ತವೆ. ಬಾಗಿಲು ಬಿದ್ದ ಕ್ಷಣಕ್ಕೆ ಬೋನಿಗೆ ಬೆಡ್‌ಶೀಟ್ ಮುಚ್ಚಬೇಕು, ಮುಚ್ಚಿದ್ರೆ ಅರ್ಧ ನಿಮಿಷದಲ್ಲಿ ಒದ್ದಾಟ ನಿಲ್ಲುತ್ತೆ, ಇಲ್ಲಾಂದ್ರೆ ಮೂತಿ ಕಂಬಿಗೆ ಚಚ್ಕೊಂಡು ರಕ್ತ ಬರಿಸ್ಕೊಳ್ಳುತ್ತೆ. ಬೇಸಿಗೇಲಿ ಹಗಲು ಬೋನು ಇಡ್ಲೇಬಾರದು, ರಾತ್ರಿನೂ ಇಟ್ಟು ಮನೆಗೆ ಹೋಗಬಾರದು, ಕಾರಲ್ಲಿ ಕೂತು ಕಾಯ್ಬೇಕು. ಹೆಣ್ಣು ಬೆಕ್ಕು ಸಿಕ್ಕಾಗ ಹೊಟ್ಟೆ ನೋಡಿ, ಮೊಲೆ ಸುತ್ತ ಕೂದಲು ಹೋಗಿ ಉಬ್ಬಿದ್ರೆ ಎಲ್ಲೋ ಮರಿ ಇದೆ ಅಂತ ಅರ್ಥ, ಮೊದಲು ಮರಿ ಹುಡುಕಬೇಕು. ಆಪರೇಷನ್ ಟೇಬಲ್ ಮೇಲೆ ಅರಿವಳಿಕೆಯಲ್ಲಿ ಇರೋವಾಗಲೇ ಎಡಗಿವಿಯ ತುದಿ ಸ್ವಲ್ಪ ನೇರಕ್ಕೆ ಕತ್ತರಿಸ್ತಾರೆ, ಅದನ್ನ ನೋಡಿ ಎಷ್ಟೋ ಜನ ನನ್ನ ಮೇಲೆ ಸಿಟ್ಟಾಗಿದಾರೆ. ಆ ಗುರುತು ಇದ್ರೇನೇ ಅದನ್ನ ಇನ್ನೊಬ್ಬರು ಹಿಡಿದು ಮತ್ತೆ ಹೊಟ್ಟೆ ಕುಯ್ಸಲ್ಲ.

ಇಷ್ಟೆಲ್ಲ ಒಬ್ಬಳಿಂದ ಆಗೋ ಕೆಲಸ ಅಲ್ಲ. ನಮ್ಮ ಬಿಲ್ಡಿಂಗ್ ನಾತೂರ್, ಅಂದ್ರೆ ವಾಚ್‌ಮನ್, ಬಾಂಗ್ಲಾದೇಶದವರು, ಯಾವ ಬೆಕ್ಕು ಯಾವ ಫ್ಲಾಟಿಂದ ಬಂತು ಅಂತ ಅವ್ರಿಗೇ ಗೊತ್ತಿರೋದು. ಒಂದಿನ ಭಾಯ್ ನಿಮಗ್ಯಾಕೆ ಈ ತೊಂದರೆ ಅಂತ ಕೇಳಿದ್ದಕ್ಕೆ, ಬೆಕ್ಕನ್ನ ಕೂಡಿಹಾಕಿ ಊಟಾನೂ ಕೊಡದೆ ಹೊರಗೂ ಬಿಡದೆ ಸಾಯಿಸಿದ ಹೆಂಗಸಿಗೆ ನರಕ ಆಯ್ತು ಅಂತ ಹದೀಸಲ್ಲಿ, ಅಂದ್ರೆ ಪ್ರವಾದಿ ಮುಹಮ್ಮದರ ಮಾತುಗಳಲ್ಲಿ ಇದೆ, ಬಾಯಾರಿದ ನಾಯಿಗೆ ಬಾವಿಯಿಂದ ನೀರು ಕೊಟ್ಟವನ ಪಾಪ ಹೋಯ್ತು ಅಂತಾನೂ ಇದೆ ಅಂದ್ರು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ರೂಲಿದೆ, ಆ ಹೊತ್ತಲ್ಲಿ ನೆರಳಲ್ಲಿ ಮಲಗಿರೋ ಕನ್‌ಸ್ಟ್ರಕ್ಷನ್ ಹುಡುಗರ ಬಾಟಲಿ ಮುಚ್ಚಳದಲ್ಲಿ ಬೆಕ್ಕುಗಳು ನೀರು ಕುಡಿಯೋದನ್ನ ನಾನು ಎಷ್ಟೋ ಸಲ ನೋಡಿದೀನಿ. ತಿಂಗಳ ಸಂಬಳ ಊರಿಗೆ ಕಳಿಸೋ ಹುಡುಗರು ಅವರು.

ಹೋದ ಬೇಸಿಗೇಲಿ ಸಿಕ್ಕ ಬಿಳಿ ಪರ್ಷಿಯನ್ ಬಗ್ಗೆ ಹೇಳ್ಲೇಬೇಕು. ದೂರದಿಂದ ದಪ್ಪ ಕಾಣ್ತಿತ್ತು, ಎತ್ತಿದ್ರೆ ತೂಕಾನೇ ಇಲ್ಲ, ಎಲ್ಲಾ ಕೂದಲೇ. ಮುಂಗಾಲಿನ ಕಂಕುಳಲ್ಲಿ ಕೂದಲು ಜಡೆಗಟ್ಟಿ ಚರ್ಮ ಎಳ್ಕೊಂಡು ಕಾಲು ಪೂರ್ತಿ ಚಾಚೋಕೆ ಆಗ್ತಿರ್ಲಿಲ್ಲ, ಕಾರಿನ ಆಯಿಲ್ ಬೇರೆ ಮೆತ್ಕೊಂಡಿತ್ತು. ಇಂಥ ಜಡೆಗೆ ಮನೇಲಿ ಕತ್ತರಿ ಹಾಕ್ಲೇಬೇಡಿ, ಚರ್ಮ ಜಡೆ ಜೊತೆ ಮೇಲೆ ಬಂದಿರುತ್ತೆ, ಕುಯ್ದು ಹೋಗುತ್ತೆ. ಪ್ರಾಣಿ ಡಾಕ್ಟ್ರು ಅರಿವಳಿಕೆ ಕೊಟ್ಟು ಮಷೀನಲ್ಲಿ ಬೋಳಿಸಿದ್ರು, ಕೆಳಗೆ ಚರ್ಮ ಕೆಂಪಗೆ ಕೀವು ಕಟ್ಟಿತ್ತು. ಸ್ಕ್ಯಾನ್ ಮಾಡಿದ್ರೆ ಚರ್ಮದಡಿ ಗುರುತಿನ ಚಿಪ್ ಇದೆ, 15 ಅಂಕಿ ಸ್ಕ್ರೀನ್ ಮೇಲೆ ಬಂತು, ರಿಜಿಸ್ಟರ್ ಆದ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಒಂದು ಕಾಲದಲ್ಲಿ ಯಾರೋ ದುಡ್ಡು ಕೊಟ್ಟು ಚಿಪ್ ಹಾಕ್ಸಿದ್ರು, ಇಂಜೆಕ್ಷನ್ ಕೊಡ್ಸಿದ್ರು ಅಂತ ನೆನೆಸ್ಕೊಂಡೇ ನನಗೆ ಜಾಸ್ತಿ ನೋವಾಯ್ತು. ಈಗ ಅದು ಅಜ್ಮಾನಲ್ಲಿ ಒಂದು ಮಲಯಾಳಿ ಟೀಚರ್ ಮನೇಲಿದೆ. ಕೊಡೋ ಮುಂಚೆ ಅವ್ರ ಮನೆಗೆ ಹೋಗಿ ಕಿಟಕಿಗೆ ಮೆಶ್ ಇದೆಯಾ ನೋಡ್ಕೊಂಡು ಬಂದೆ, ಯಾರಿಗೇ ಕೊಡೋದಿದ್ರೂ ನೋಡ್ತೀನಿ, ಎತ್ತರದ ಬಿಲ್ಡಿಂಗಲ್ಲಿ ಪಾರಿವಾಳ ಹಿಡಿಯೋಕೆ ಹೋಗಿ ಬೀಳ್ತವೆ.

ಊರಿಗೆ ವಾಪಸ್ ಹೋಗೋರು ಬೆಕ್ಕನ್ನ ಕರ್ಕೊಂಡು ಹೋಗಬಹುದು, ಆಗಲ್ಲ ಅನ್ನೋದು ಸುಳ್ಳು. ಮೊದಲು ಚಿಪ್, ಆಮೇಲೆ ರೇಬೀಸ್ ಇಂಜೆಕ್ಷನ್, ಇಲ್ಲಿಂದ ಎಕ್ಸ್‌ಪೋರ್ಟ್ ಹೆಲ್ತ್ ಸರ್ಟಿಫಿಕೇಟ್, ಇಂಡಿಯಾದ ಪ್ರಾಣಿ ಕ್ವಾರಂಟೈನ್ ಆಫೀಸಿಂದ ಎನ್‌ಒಸಿ. ನಮ್ಮ ಕರಾವಳಿಯವರು ಮಂಗಳೂರಿಗೆ ಟಿಕೆಟ್ ಮಾಡ್ಬೇಡಿ, ಅಲ್ಲಿ ಆ ಆಫೀಸಿಲ್ಲ, ಬೆಂಗಳೂರಲ್ಲಿದೆ, ಬೆಂಗಳೂರಲ್ಲಿಳಿದು ಮುಂದೆ ರೋಡಲ್ಲಿ ಹೋಗ್ಬೇಕು. ಟಿಕೆಟ್ ಆದ ವಾರ ನನಗೆ ಫೋನ್ ಮಾಡಿದ್ರೆ ಏನೂ ಮಾಡೋಕಾಗಲ್ಲ, ಕೆಲಸಕ್ಕೆ ನೋಟಿಸ್ ಕೊಟ್ಟ ದಿನಾನೇ ಮಾಡಿ. ಕರ್ಕೊಂಡು ಹೋಗೋಕೆ ಆಗದೇ ಇದ್ರೂ ಆಗಲೇ ಹೇಳಿ, ಮೂರು ತಿಂಗಳಿದ್ರೆ ಮನೆ ಸಿಗುತ್ತೆ.

ಬೆಕ್ಕು ಸಾಕೋಕೆ ಆಗಲ್ಲ ಆದ್ರೆ ಸಹಾಯ ಮಾಡ್ಬೇಕು ಅನ್ನೋರಿಗೆ ದುಡ್ಡಿಗಿಂತ ನಾನು ಕೇಳೋದು ಒಂದು ಬಾತ್‌ರೂಮು. ಆಪರೇಷನ್ ಆದ ಗಂಡು ಬೆಕ್ಕನ್ನ ಮಾರನೇ ದಿನ ಬಿಡಬಹುದು, ಹೆಣ್ಣಿಗೆ ಹೊಟ್ಟೆ ಕುಯ್ದಿರುತ್ತೆ, ಎರಡು ರಾತ್ರಿ ಎಸಿ ಗಾಳಿ ಬರೋ ಜಾಗದಲ್ಲಿ ಬೋನಲ್ಲೇ ಇರ್ಬೇಕು. ಪೇಪರ್ ಬದಲಾಯಿಸಿ, ನೀರಿಟ್ಟು, ಬಾಗಿಲು ಹಾಕಿ ನೀವು ಆಫೀಸಿಗೆ ಹೋಗಬಹುದು. ನಹ್ದಾ, ಕುಸೈಸ್, ಮುವೈಲಾ ಕಡೆ ಎರಡು ಬಾತ್‌ರೂಮಿರೋ ಫ್ಲಾಟಿನವರು ಎಷ್ಟು ಜನ ಇದೀರೋ, ಅಕ್ಟೋಬರಿಂದ ಅಷ್ಟು ಬೆಕ್ಕು ಹಿಡಿಯೋಕೆ ನಾವು ರೆಡಿ ಇದೀವಿ.