ಹುಳಿ ಮಣ್ಣಿನಲ್ಲಿ ಉದ್ದು: ಮೊದಲು ಸುಣ್ಣ, ಆಮೇಲೆ ಬೀಜ

ಉದ್ದಿನ ಗಿಡ ಹಳದಿಯಾದ ಕೂಡಲೇ ಯೂರಿಯಾ ಚೀಲಕ್ಕೆ ಕೈ ಹಾಕಬೇಡಿ. ಮೊದಲು ಬೇರು ನೋಡಿ. ಕುಂದಾಪುರದ ಹತ್ತಿರ ನಮ್ಮ ಬೆಟ್ಟು ಗದ್ದೆಯಲ್ಲಿ, ಅಂದರೆ ಎತ್ತರದ ಗದ್ದೆಯಲ್ಲಿ, ನಾನು ಎರಡು ವರ್ಷ ಯೂರಿಯಾ ಸುರಿದೆ. ಎಲೆ ಸ್ವಲ್ಪ ಹಸಿರಾಯಿತು, ಕಾಯಿ ಮಾತ್ರ ಕಟ್ಟಲಿಲ್ಲ.

ಬಿತ್ತಿ 30-35 ದಿನ ಆದಾಗ ನೋಡುವುದು ಒಳ್ಳೆಯದು. ಗಿಡವನ್ನು ಎಳೆಯಬೇಡಿ, ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಗುದ್ದಲಿಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿ, ಮೆಲ್ಲಗೆ ಅಲುಗಿಸಿ. ಸಾಸಿವೆ, ರಾಗಿ ಕಾಳಿನಷ್ಟು ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ, ಕೆಂಪು ಇದ್ದರೆ ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ. ನನ್ನ ಗಿಡದಲ್ಲಿ ಇದ್ದದ್ದೇ ನಾಲ್ಕು ಗಂಟು, ನಾಲ್ಕೂ ಒಳಗೆ ಬಿಳಿ. ಬೇರೂ ಮೊಂಡು ಮೊಂಡು.

ಮಣ್ಣು ಪರೀಕ್ಷೆಯಲ್ಲಿ ರಸಸಾರ, ಅಂದರೆ ಪಿಎಚ್, 5.1 ಬಂತು, ಹುಳಿ ಮಣ್ಣು. ನಮ್ಮ ಕಡೆಯ ಜೋರು ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗುತ್ತದೆ. 5.5ಕ್ಕಿಂತ ಕೆಳಗೆ ಇಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೆಡಿಸುತ್ತದೆ. ರಂಜಕ ಗಿಡಕ್ಕೆ ಸಿಗದ ಹಾಗೆ ಕಟ್ಟಿಕೊಳ್ಳುತ್ತದೆ. ಸಾರಜನಕ ಹಿಡಿಯಲು ಬೇಕಾದ ಮಾಲಿಬ್ಡಿನಮ್ಮೂ ಕಡಿಮೆಯಾಗುತ್ತದೆ. ಇಂಥಲ್ಲಿ ರೈಜೋಬಿಯಂ, ಅಂದರೆ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ, ಬದುಕಿ ಗಂಟು ಕಟ್ಟುವುದೇ ಕಷ್ಟ. ಬರೀ ರೈಜೋಬಿಯಂ ಪೊಟ್ಟಣ ತಂದು ಹಚ್ಚಿದರೆ ಸಾಲದು, ಅಲ್ವಾ?

ಹಾಗಾಗಿ ಮೊದಲು ಹುಳಿ ಇಳಿಸುವ ಸುಣ್ಣ. ಎಷ್ಟು ಅನ್ನುವುದನ್ನು ನಿಮ್ಮದೇ ಮಣ್ಣಿನ ವರದಿ ನೋಡಿ ತೀರ್ಮಾನಿಸಿ. ಪಕ್ಕದ ಗದ್ದೆಯವರ ಲೆಕ್ಕ ಬೇಡ, ಜಾಸ್ತಿಯಾದರೂ ಬೇರೆ ಪೋಷಕಾಂಶ ಸಿಗದೆ ಗಿಡ ಸೊರಗುತ್ತದೆ. ನಾನು 20 ಗುಂಟೆಗೆ 100 ಕೆಜಿ ಡಾಲಮೈಟ್ ಸುಣ್ಣದ ಕಲ್ಲಿನ ಪುಡಿ ಹಾಕಿದೆ, ಅದರಲ್ಲಿ ಮೆಗ್ನೀಷಿಯಂ ಕೂಡ ಇದೆ. ಉದ್ದಿಗೆ ಮೊದಲಿನ ಭತ್ತ ಕೊಯ್ದ ಕೂಡಲೇ ಎರಚಿ, ಉತ್ತು, ಅರ್ಧ ಅಡಿಯವರೆಗೆ ಬೆರೆಸಬೇಕು. ಮೇಲೆ ಸುಮ್ನೆ ಬಿಟ್ಟರೆ ಬೇರಿನ ತನಕ ಹೋಗುವುದಿಲ್ಲ. ಆಮೇಲೆ ಎರಡು ಮೂರು ವಾರ ಕಾಯಿರಿ. ಅಷ್ಟರಲ್ಲಿ ತೇವ ಆರುತ್ತದೆ ಅನ್ನುವುದು ನಿಜ. ನಾನು ಬಾವಿಯಿಂದ ಒಂದು ನೀರು ಹಾಯಿಸಿಯೇ ಬಿತ್ತುತ್ತೇನೆ.

ಬೀಜೋಪಚಾರ ಬಿತ್ತುವ ದಿನವೇ ಮಾಡಿ. ಬೆಲ್ಲದ ನೀರು ಕುದಿಸಿ, ಪೂರ್ತಿ ಆರಿಸಿ, ಉದ್ದಿನ ರೈಜೋಬಿಯಂ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ. ಸುಟ್ಟ ಸುಣ್ಣವನ್ನು ಬೀಜಕ್ಕೆ ತಾಗಿಸಲೇಬೇಡಿ, ಅದರ ಕ್ಷಾರಕ್ಕೆ ರೈಜೋಬಿಯಂ ಸಾಯುತ್ತದೆ.

ಆ ವರ್ಷ ಮತ್ತೆ ಒಂದು ಗಿಡ ಅಗೆದು ತೊಳೆದೆ. ತಾಯಿಬೇರಿನ ಸುತ್ತ ಗೊಂಚಲು ಗೊಂಚಲು ಗಂಟು. ಸೀಳಿದಾಗ ಉಗುರಿಗೆ ಕೆಂಪು ಹತ್ತಿತು. ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಕೊಯ್ಯುವಾಗ ಗಿಡವನ್ನು ಬುಡಕ್ಕೆ ಕತ್ತರಿಸಿ, ಬೇರು ಗದ್ದೆಯಲ್ಲೇ ಇರಲಿ. ಮೂರು ವರ್ಷಕ್ಕೊಮ್ಮೆ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿ, ಮಳೆ ತೊಳೆಯುವುದನ್ನು ನಿಲ್ಲಿಸುವುದಿಲ್ಲ.